ಘಾಟಿನಲ್ಲಿ ಗಾಲಿ ಜಾರಿದರೆ: ಹಳಿ ಸುಡದೆ ಗಾಡಿ ಹತ್ತಿಸುವ ಕ್ರಮ

"ಬರ್ರಿ ಸಾಹೇಬ್ರ, ರಾತ್ರಿ ನೀವು ಹಾಕಿ ಹೋದ ಸಹಿ ತೋರಿಸ್ತೀನಿ."

ಗೋವಾದ ಕುಳೆಂ ಸ್ಟೇಷನ್ನಿನ ರನ್ನಿಂಗ್ ರೂಮಿನಲ್ಲಿ, ಅಂದರೆ ಇಂಜಿನ್ ಓಡಿಸುವವರ ವಿಶ್ರಾಂತಿ ಕೋಣೆಯಲ್ಲಿ, ಚಹಾ ಕುಡಿಯುತ್ತಿದ್ದ ನನ್ನನ್ನು, ಹಳಿ ನೋಡುತ್ತ ನಡೆಯುವ ಕೀಮನ್ ಕಾಕಾ ಹೀಗೆ ಎಬ್ಬಿಸಿಕೊಂಡು ಹೋದರು. ಜುಲೈ ತಿಂಗಳು, ಜಿಟಿಜಿಟಿ ಮಳೆ. ಸಿಗ್ನಲ್ ದಾಟಿ ಸ್ವಲ್ಪ ದೂರ ನಡೆದ ಮೇಲೆ ಅವರು ಕುಕ್ಕರಗಾಲಲ್ಲಿ ಕೂತು ಹಳಿಯ ತಲೆಯ ಮೇಲೆ ಹೆಬ್ಬೆರಳು ಆಡಿಸಿದರು. ಸುಣ್ಣದ ಡಬ್ಬಿಯ ಮುಚ್ಚಳದಷ್ಟು ಬೆಳ್ಳಿ ಬಣ್ಣದ ಕಲೆ. ಸುತ್ತ ನವಿಲಿನ ಕುತ್ತಿಗೆಯ ನೀಲಿ. ಒಂದು ಬದಿಗೆ ಲೋಹ ಒತ್ತಿಬಂದು ತುಟಿಯ ಹಾಗೆ ಚಾಚಿಕೊಂಡಿತ್ತು. ಎದುರಿನ ಹಳಿಯ ಮೇಲೆ ಅದರದೇ ಜೋಡಿ. ಒಂದು ಮಾರು ಆಚೆ ಇನ್ನೊಂದು ಜೋಡಿ, ಅದರಾಚೆ ಮತ್ತೊಂದು. ಇಂಜಿನ್ನಿನ ಆರು ಆಕ್ಸಲ್‌ಗೆ ಆರು ಜೋಡಿ, ಒಟ್ಟು ಹನ್ನೆರಡು. "ಬ್ಯಾಂಕಿನ್ಯಾಗೂ ಇಷ್ಟು ಸಹಿ ಕೇಳಂಗಿಲ್ಲ ನೋಡ್ರಿ" ಅಂದರು ಕಾಕಾ.

ಅದು ಆಲ್ಕೋ ಎಂಬ ಹಳೆಯ ಡೀಸೆಲ್ ಇಂಜಿನ್‌ಗಳ ಕಾಲ. ಹಿಂದಿನ ರಾತ್ರಿ ನಿಂತ ಗಾಡಿಯನ್ನು ಏರಿನಲ್ಲಿ ಎತ್ತಲು ಹೋಗಿ, ಗಾಡಿ ಅಲುಗದಿದ್ದರೂ ನಾನು ನಾಚ್ (ಇಂಜಿನ್ನಿನ ಶಕ್ತಿ ಏರಿಸಿ ಇಳಿಸುವ ಹಿಡಿಕೆಯ ಮೆಟ್ಟಿಲು) ಇಳಿಸಿರಲಿಲ್ಲ. ಹೆಚ್ಚೆಂದರೆ ಇಪ್ಪತ್ತು ಸೆಕೆಂಡ್. ವಾಸ್ಕೋದ ನಮ್ಮ ಮನೆಗೆ ಗದಗ, ಬಾಗಲಕೋಟೆ, ವಿಜಯಪುರ ಕಡೆಯ ಹೊಸ ಅಸಿಸ್ಟೆಂಟ್ ಹುಡುಗರು, ಟ್ರ್ಯಾಕ್‌ಮನ್ ಹುಡುಗರು ಭಾನುವಾರ ಬರುತ್ತಾರೆ. ಅವರಿಗೆ ಬಾಯಲ್ಲಿ ಹೇಳುತ್ತ ಬಂದದ್ದನ್ನು ಇಲ್ಲಿ ಬರೆದಿದ್ದೇನೆ. ನಿಮ್ಮ ಸೆಕ್ಷನ್ನಿನ ವರ್ಕಿಂಗ್ ರೂಲ್ ಬೇರೆ ಹೇಳಿದರೆ ಅದೇ ಮೇಲು.

ಮೊದಲು ಲೆಕ್ಕ ಹಾಕಿ

ಕುಳೆಂನಿಂದ ಕ್ಯಾಸಲ್‌ರಾಕ್ ತನಕದ ಬ್ರಗಾಂಝಾ ಘಾಟ್ ಸುಮಾರು 26 ಕಿಲೋಮೀಟರ್, ಏರು 37ಕ್ಕೆ 1. ಪುಣೆ ದಾರಿಯ ಭೋರ್ ಘಾಟ್, ನಾಸಿಕ್ ದಾರಿಯ ಥಳ್ ಘಾಟ್‌ಗಳಲ್ಲೂ ಇದೇ 37ಕ್ಕೆ 1. ಆದ್ದರಿಂದ ಕರ್ಜತ್, ಕಸಾರಾದಲ್ಲಿ ಕೆಲಸ ಮಾಡುವವರಿಗೂ ಈ ಲೆಕ್ಕ ಹೊಂದುತ್ತದೆ. 37 ಮೀಟರ್ ನಡೆದರೆ ಒಂದು ಮೀಟರ್ ಮೇಲೆ, ಅಂದರೆ ಒಂದು ಟನ್ ಭಾರವನ್ನು ಹಿಂದೆ ಜಾರದಂತೆ ಹಿಡಿಯಲಿಕ್ಕೇ 27 ಕಿಲೋ ಎಳೆತ ಬೇಕು.

ಮುರಗಾಂವ್ ಬಂದರಿನ ಕಲ್ಲಿದ್ದಲು ತುಂಬಿದ 58 ವ್ಯಾಗನ್ನಿನ ಗಾಡಿ ಹಿಡಿಯಿರಿ. ಒಂದೊಂದು ವ್ಯಾಗನ್ 81 ಟನ್ನಿನ ಆಸುಪಾಸು, ಒಟ್ಟು 4,700 ಟನ್. ಮುಂದೆ ಎರಡು, ಹಿಂದಿನಿಂದ ತಳ್ಳುವ ಬ್ಯಾಂಕರ್ ಮೂರು ಅಂತ ಐದು ಡಬ್ಲ್ಯುಡಿಜಿ-4 ಡೀಸೆಲ್ ಇಂಜಿನ್ ಹಾಕಿದರೆ, ತಲಾ 126 ಟನ್‌ನಂತೆ ಇಂಜಿನ್ನುಗಳ ಭಾರವೇ 630 ಟನ್. ಎಲ್ಲ ಕೂಡಿಸಿ 37ರಿಂದ ಭಾಗಿಸಿ: 144 ಟನ್ ಎಳೆತ. ತಿರುವಿನ ಉಜ್ಜಾಟ, ಬೇರಿಂಗಿನ ತಡೆ ಇದಕ್ಕೆ ಮೇಲೆ.

ಇನ್ನು ಗಾಲಿ ಎಷ್ಟು ಹಿಡಿಯುತ್ತದೆ ಎಂಬುದು. ಒಣಗಿದ, ಚೊಕ್ಕ ಹಳಿಯ ಮೇಲೆ ಇಂಜಿನ್ ತನ್ನ ಭಾರದ ಮೂರನೇ ಒಂದು ಪಾಲನ್ನು ಎಳೆತವಾಗಿ ಕೊಡಬಲ್ಲದು, ಅಂದರೆ 42 ಟನ್. ಐದು ಇಂಜಿನ್ನಿಗೆ 210. ಧಾರಾಳವಾಯಿತು. ಒದ್ದೆ ಹಳಿಯಲ್ಲಿ ಅದು ಐದನೇ ಒಂದು ಪಾಲಿಗೆ ಬಿತ್ತು ಅಂದುಕೊಳ್ಳಿ: ಇಂಜಿನ್ನಿಗೆ 25 ಟನ್, ಐದಕ್ಕೆ 126. ಬೇಕಾದದ್ದು 144. ಇಂಜಿನ್ನಿನ ಅಶ್ವಶಕ್ತಿ 4,000 ಇರಲಿ 6,000 ಇರಲಿ, ಈ ಕೊರತೆ ಅದರಿಂದ ತುಂಬುವುದಿಲ್ಲ. ಹಿಡಿತಕ್ಕಾಗಿ ಗಾಲಿಯ ಕೆಳಗೆ ಬಿಡುವ ಉಸುಕು ತುಂಬುತ್ತದೆ, ಇಲ್ಲವೇ ಇನ್ನೊಂದು ಇಂಜಿನ್ ತುಂಬುತ್ತದೆ. ನಾಚ್ ಏರಿಸಿ ತುಂಬಲು ಹೋದವನು ಹಳಿ ಸುಡುತ್ತಾನೆ.

ಸುಡುವುದು ಹೇಗೆ

ಗಾಲಿಯೂ ಹಳಿಯೂ ಮುಟ್ಟುವ ಜಾಗ ಉಗುರಿನಷ್ಟು, ಒಂದು ಚದರ ಸೆಂಟಿಮೀಟರ್ ಆಸುಪಾಸು. ಒಂದು ಗಾಲಿಯ ಮೇಲಿನ ಹತ್ತೂವರೆ ಟನ್ ಅಷ್ಟರಲ್ಲೇ ಕೂತಿರುತ್ತದೆ. ಈಗ ಗಾಡಿ ನಿಂತಿದೆ, ಗಾಲಿ ಮಾತ್ರ ಜಾರಿ ತಿರುಗುತ್ತಿದೆ, ಸ್ಪೀಡೋಮೀಟರ್ 18 ತೋರಿಸುತ್ತಿದೆ, ಕಿಟಕಿಯಾಚೆ ಕಿಲೋಮೀಟರ್ ಕಲ್ಲು ನಿಂತಲ್ಲೇ ಇದೆ. 18 ಅಂದರೆ ಸೆಕೆಂಡಿಗೆ 5 ಮೀಟರ್ ಉಜ್ಜಾಟ. ಜೋರಾಗಿ ಜಾರುವಾಗ ಹಿಡಿತ ಹತ್ತನೇ ಒಂದು ಪಾಲಿಗೆ ಇಳಿದಿದ್ದರೂ ಉಜ್ಜುವ ಬಲ ಒಂದು ಟನ್. ಎರಡನ್ನೂ ಗುಣಿಸಿದರೆ ಸುಮಾರು 50 ಕಿಲೋವ್ಯಾಟ್. ಅಡುಗೆಮನೆಯ ಎರಡು ಕಿಲೋವ್ಯಾಟ್ ಇಂಡಕ್ಷನ್ ಒಲೆ ಇಪ್ಪತ್ತೈದನ್ನು ಒಂದು ಉಗುರಿನ ಮೇಲೆ ಇಟ್ಟ ಹಾಗೆ.

ಈ ಕಾವಿನಲ್ಲಿ ಅರ್ಧ ಗಾಲಿಗೆ, ಅರ್ಧ ಹಳಿಗೆ ಅಂದುಕೊಳ್ಳೋಣ. ಗಾಲಿಯ ವ್ಯಾಸ 1,092 ಮಿಲಿಮೀಟರ್, ಸುತ್ತಳತೆ ಮೂರೂವರೆ ಮೀಟರಿಗೆ ಹತ್ತಿರ. ಅದು ತನ್ನ ಪಾಲಿನ ಕಾವನ್ನು ಅಷ್ಟು ಉದ್ದಕ್ಕೂ ಹಂಚಿಕೊಂಡು ತಿರುಗುತ್ತದೆ. ಹಳಿಗೆ ಆ ಸೌಕರ್ಯವಿಲ್ಲ, ಬಿದ್ದದ್ದೆಲ್ಲ ಒಂದೇ ಜಾಗಕ್ಕೆ. ಗಾಡಿ ಮೆಲ್ಲಗಾದರೂ ಮುಂದೆ ಸಾಗುತ್ತಿದ್ದರೆ ಕಾವು ಹಳಿಯುದ್ದಕ್ಕೂ ಹರಡಿ ಹೋಗುತ್ತದೆ, ಹಾನಿ ತೆಳು. ನಿಂತ ಗಾಡಿಯಲ್ಲಿ ಜಾರಿದರೆ ಮಾತ್ರ ಗುಂಡಿ ಬೀಳುತ್ತದೆ. ಈ ಬರಹದಲ್ಲಿ ಒಂದೇ ಒಂದನ್ನು ನೆನಪಿಡುವುದಾದರೆ ಇದನ್ನಿಡಿ.

ಆಮೇಲೆ ಆಗುವುದು ಕಮ್ಮಾರನ ಕೆಲಸ. ಊರಲ್ಲಿ ಕುಡಗೋಲಿನ ಬಾಯಿ ಕೆಂಪಗೆ ಕಾಯಿಸಿ ನೀರಿಗೆ ಅದ್ದುವುದನ್ನು ಕಂಡಿರುತ್ತೀರಿ. ಅಂಚು ಗಟ್ಟಿಯಾಗುತ್ತದೆ, ಹದ ತಪ್ಪಿದರೆ ಗಾಜಿನ ಹಾಗೆ ಚಕ್ಕೆ ಏಳುತ್ತದೆ. ಹಳಿಯ ಉಕ್ಕು ಸುಮಾರು 720 ಡಿಗ್ರಿ ದಾಟಿ ಕಾದರೆ ಅದರ ಒಳಗಿನ ಹೆಣಿಗೆಯೇ ಬದಲಾಗುತ್ತದೆ. ಗಾಲಿ ನಿಂತೊಡನೆ ಕೆಳಗಿನ ತಣ್ಣನೆಯ ಉಕ್ಕು ಆ ಕಾವನ್ನು ಕ್ಷಣದಲ್ಲಿ ಎಳೆದುಕೊಳ್ಳುತ್ತದೆ. ಮೀಟರಿಗೆ 60 ಕಿಲೋ ತೂಗುವ ಹಳಿ, ಅದ್ದಲು ನೀರೇ ಬೇಕಿಲ್ಲ. ಮೇಲೆ ಉಳಿಯುವುದು ಮಾರ್ಟೆನ್ಸೈಟ್ ಎಂಬ ಬಿಳಿ ಪದರ: ಕಡುಗಟ್ಟಿ, ಒಂದಿಷ್ಟೂ ಬಾಗದು. ಮುಂದಿನ ಗಾಡಿಗಳ ಹೊಡೆತಕ್ಕೆ ಅದು ಬಿರಿಯುತ್ತದೆ, ಬಿರುಕು ಕೆಳಗಿನ ಒಳ್ಳೆಯ ಉಕ್ಕಿಗೆ ಇಳಿಯುತ್ತದೆ. ಕೆಲವು ಬಿರುಕು ಹಾಗೇ ಮೇಲ್ಮೈಯಲ್ಲೇ ಹರಿದು ಚಕ್ಕೆಯಾಗಿ ಎದ್ದು ಮುಗಿಯುತ್ತವೆ. ಕೆಲವು ನೇರ ಕೆಳಗಿಳಿದು ಹಳಿಯನ್ನೇ ತುಂಡು ಮಾಡುತ್ತವೆ. ಯಾವುದು ಯಾವ ಕಡೆ ಹೊರಟಿದೆ ಎಂದು ಮೇಲಿಂದ ನೋಡಿ ಹೇಳಲಾಗದು.

ಹೊರಡುವ ಮುಂಚೆ ಉಸುಕು

ಆ ರಾತ್ರಿ ನನ್ನ ಉಸುಕಿನ ಪೆಟ್ಟಿಗೆ ತುಂಬಿತ್ತು. ನಾನು ನೋಡಿದ್ದೂ ಅಷ್ಟೇ. ಪೆಡಲ್ ಒತ್ತಿದರೆ ಗಾಳಿ ಬುಸ್ಸೆಂದಿತು, ಉಸುಕು ಬರಲಿಲ್ಲ. ಗೋವಾದ ಮಳೆಗಾಲದ ಹವೆಗೆ ಉಪ್ಪಿನ ಡಬ್ಬಿಯೇ ನೀರು ಬಿಡುತ್ತದೆ, ಉಸುಕಿನದೇನು.

ಅಸಿಸ್ಟೆಂಟ್ ಆದವನು ಹೀಗೆ ಮಾಡಬೇಕು. ಪೆಟ್ಟಿಗೆಯ ಮುಚ್ಚಳ ತೆಗೆದು ಒಂದು ಹಿಡಿ ಉಸುಕು ತೆಗೆದುಕೊಳ್ಳಿ, ಮುಷ್ಟಿ ಬಿಗಿದು ಬಿಡಿ. ಬೆರಳ ಸಂದಿಯಿಂದ ರವೆಯ ಹಾಗೆ ಸುರಿದರೆ ಸರಿ. ಉಂಡೆಯಾಗಿ ನಿಂತರೆ ಒದ್ದೆ, ಶೆಡ್ಡಿನವರಿಗೆ ಹೇಳಿ ಬದಲಾಯಿಸಿಕೊಳ್ಳಿ. ಅವರು ಗೊಣಗುತ್ತಾರೆ, ಗೊಣಗಲಿ. ಆಮೇಲೆ ಪೈಲಟ್, ಅಂದರೆ ಇಂಜಿನ್ ಓಡಿಸುವವನು, ಪೆಡಲ್ ಒತ್ತುವಾಗ ನೀವು ಕೆಳಗಿಳಿದು ಪ್ರತಿ ಕೊಳವೆಯ ಬಾಯಿ ನೋಡಿ. ಬಂತೋ ಇಲ್ಲವೋ ಎಂಬುದಷ್ಟೇ ಸಾಲದು, ಎಲ್ಲಿ ಬೀಳುತ್ತಿದೆ ಎಂಬುದೂ ಮುಖ್ಯ. ದನ ಬಡಿದೋ ಖಡಿ ಸಿಡಿದೋ ಕೊಳವೆ ಒಂದು ಬೆರಳು ಓರೆಯಾಗಿದ್ದರೆ ಉಸುಕೆಲ್ಲ ಸ್ಲೀಪರಿನ ಪಾಲು. ಗಾಲಿಯೂ ಹಳಿಯೂ ಕೂಡುವ ಸಂದಿಗೇ ಬೀಳಬೇಕು. ಎಡಬಲ ಎರಡೂ ಕಡೆ ಸಮ ಬೀಳಬೇಕು. ಹಿಂದೆ ಮುಂದೆ ದಿಕ್ಕು ಬದಲಿಸುವ ರಿವರ್ಸರ್ ಎರಡೂ ದಿಕ್ಕಿಗೆ ಹಾಕಿ ನೋಡಿ, ಬ್ಯಾಂಕರ್ ಆಗಿ ಹಿಂದೆ ಸೇರಿಕೊಂಡಾಗ ಇಂಜಿನ್ ಯಾವ ಮುಖದಲ್ಲಿ ನಿಲ್ಲುತ್ತದೆಂದು ಗೊತ್ತಿರುವುದಿಲ್ಲ.

ಹಳಿಯನ್ನು ಓದುವುದು

ಜೋರು ಮಳೆಗೆ ಹೆದರಬೇಡಿ. ಜೋರು ಮಳೆ ಹಳಿ ತೊಳೆಯುತ್ತದೆ. ಕೈಕೊಡುವುದು ತುಂತುರು, ಇಬ್ಬನಿ, ಜೂನ್‌ನ ಮೊದಲ ಹನಿ. ಬೇಸಿಗೆಯುದ್ದಕ್ಕೂ ಹಳಿಯ ಮೇಲೆ ಕೂತ ಎಣ್ಣೆಯ ಪಸೆ, ಕಲ್ಲಿದ್ದಲ ಪುಡಿ, ಅದಿರಿನ ಕೆಂಪು ಧೂಳು ಅಷ್ಟೇ ನೀರಿಗೆ ಕಲಸಿಕೊಂಡು ಕಾಡಿಗೆಯ ಹಾಗಾಗುತ್ತವೆ. ದೂಧಸಾಗರದ ಬಳಿ ಮಳೆ ನಿಂತರೂ ಜಲಪಾತದ ತುಂತುರು ಹಳಿಯನ್ನು ಒಣಗಲು ಬಿಡದು. ಸುರಂಗದೊಳಗೆ ಮೇಲಿನ ಬಂಡೆ ತೊಟ್ಟಿಕ್ಕುತ್ತಿರುತ್ತದೆ, ಹೊರಗೆ ಬಿಸಿಲಿದ್ದರೂ ಒಳಗೆ ಜಾರಿಕೆ. ಫೆಬ್ರವರಿ, ಮಾರ್ಚ್‌ನಲ್ಲಿ ಕಾಡಿನ ಎಲೆ ಉದುರಿ ಗಾಲಿಗೆ ಅರೆದು ಲೋಳೆಯಾಗುವುದುಂಟು.

ಇನ್ನೊಂದು ಕಾರಣ ನಮ್ಮವರೇ ಮಾಡಿದ್ದು. ತಿರುವಿನಲ್ಲಿ ಗಾಲಿಯ ಅಂಚು ತಿನ್ನದಿರಲಿ ಅಂತ ಹಳಿಯ ಒಳಮೈಗೆ ಗ್ರೀಸ್ ಸವರುತ್ತಾರೆ. ಅದು ಒಳಮೈಯಲ್ಲೇ ಇರಬೇಕು. ಕೈ ಧಾರಾಳವಾಗಿ ತಲೆಯ ಮೇಲೂ ಬಂತೆಂದರೆ ಮುಂದಿನ ಇಂಜಿನ್ನಿನ ಕಥೆ ಮುಗಿಯಿತು. ಟ್ರ್ಯಾಕ್‌ಮನ್ ಹುಡುಗರೇ, ಬ್ರಷ್ ಹಿಡಿದಾಗ ಇದು ನೆನಪಿರಲಿ.

ನಿಂತ ಗಾಡಿಯನ್ನು ಏರಿನಲ್ಲಿ ಎತ್ತುವ ಕ್ರಮ

ಎಲ್ಲಕ್ಕೂ ಮೊದಲು, ನಿಲ್ಲುವ ಜಾಗವನ್ನು ನಿಮ್ಮ ಕೈಯಲ್ಲಿದ್ದಷ್ಟು ಮಟ್ಟಿಗೆ ಆರಿಸಿಕೊಳ್ಳಿ. ಸಿಗ್ನಲ್ ಕೆಂಪಿದೆ ಎಂದು ದೂರದಿಂದಲೇ ಕಂಡರೆ ಗ್ರೀಸಿನ ತಿರುವು, ಸುರಂಗದ ಬಾಯಿ, ಪಾಯಿಂಟ್ (ಹಳಿ ಕವಲೊಡೆಯುವ ಜಾಗ) ಇವುಗಳ ಮೇಲೆ ಇಂಜಿನ್ ನಿಲ್ಲದ ಹಾಗೆ ನೋಡಿಕೊಳ್ಳಿ.

ಸಿಗ್ನಲ್ ಬಿತ್ತು, ಅಂದರೆ ಹೊರಡಲು ಅನುಮತಿ ಸಿಕ್ಕಿತು. ಅವಸರ ಬೇಡ. ವಾಕಿಟಾಕಿಯಲ್ಲಿ ಹಿಂದಿನ ಬ್ಯಾಂಕರ್ ಪೈಲಟ್ ಜೊತೆ ಮಾತಾಡಿ, ಅವರು "ರೆಡಿ" ಅನ್ನುವವರೆಗೆ ಗಾಡಿಯ ಬ್ರೇಕ್ ಬಿಡಬೇಡಿ. ಬಿಟ್ಟ ಮೇಲೆ ಬ್ರೇಕ್ ಪೈಪಿನಲ್ಲಿ ಗಾಳಿ 5 ಕೆಜಿಗೆ ಮರಳಬೇಕು. 58 ವ್ಯಾಗನ್ ದಾಟಿ ಕೊನೆಯದಕ್ಕೆ ಮುಟ್ಟಲು ಹೊತ್ತು ಹಿಡಿಯುತ್ತದೆ. ಮುಂದಿನ ಗೇಜ್ 5 ತೋರಿಸಿದ ಮಾತ್ರಕ್ಕೆ ಹಿಂದಿನ ಬ್ರೇಕ್ ಬಿಟ್ಟಿತು ಅಂತಲ್ಲ. ಗಾಳಿಯ ಹರಿವಿನ ಮುಳ್ಳು ಇಳಿದು ನಿಂತಿದೆಯೋ ನೋಡಿ. ಹಿಂದೆ ಹತ್ತು ವ್ಯಾಗನ್ ಬ್ರೇಕ್ ಕಚ್ಚಿಕೊಂಡಿರುವಾಗಲೇ ಮುಂದಿನವನು ನಾಚ್ ಏರಿಸುವುದು ಘಾಟಿನಲ್ಲಿ ಗಾಲಿ ಜಾರುವ ದೊಡ್ಡ ಕಾರಣ. ನನ್ನ ಸಹಿ ಬಿದ್ದದ್ದೂ ಹೀಗೆಯೇ. ಒದ್ದೆ ಉಸುಕಿನ ಜೊತೆಗೆ ಇದೊಂದು.

ಹಿಂದಿನವರು ಮೊದಲು ತಳ್ಳಲಿ. ವ್ಯಾಗನ್‌ಗಳು ಒಂದಕ್ಕೊಂದು ಕೂಡಿಕೊಳ್ಳುತ್ತ ಬರುವ ಧಡಧಡ ನಿಮ್ಮ ಇಂಜಿನ್ ತನಕ ಬಂದು ಬೆನ್ನಿಗೆ ತಟ್ಟುತ್ತದೆ. ಆಗ ನಾಚ್ ಒಂದು. ಗಾಲಿ ಅಲುಗುವ ಮುಂಚೆಯೇ ಉಸುಕು ಶುರುವಾಗಿರಬೇಕು. ನಾಚ್ ಎರಡು, ತಡೆಯಿರಿ. ಗಾಡಿ ಅಲುಗಿದ ಮೇಲೆ ಮೂರು. ಪ್ರತಿ ನಾಚಿನ ನಡುವೆ ಎಳೆತದ ಮುಳ್ಳು ಏರಿ ನಿಲ್ಲುವವರೆಗೆ ಕಾಯಿರಿ. ಮುಂದಿನ ಇಂಜಿನ್ ಒಂದೇ ಜೋರಾಗಿ ಎಳೆದರೆ ಗಾಲಿ ಜಾರುವುದು ಒಂದು ಕಡೆ, ಹಿಡಿತ ಸಿಕ್ಕರೆ ಕಪ್ಲಿಂಗ್ ಹರಿದು ಗಾಡಿ ಎರಡಾಗುವುದು ಇನ್ನೊಂದು ಕಡೆ. ಬ್ಯಾಂಕರ್‌ಗಳನ್ನು ಹಿಂದೆ ಹಾಕುವುದೇ ಈ ಕಾರಣಕ್ಕೆ.

ಜಾರಿತು, ಈಗೇನು

ಹಳೆಯ ಇಂಜಿನ್ನಿನಲ್ಲಿ ವೀಲ್‌ಸ್ಲಿಪ್ ರಿಲೇ ಒಂದು ಮೋಟರಿನ ಕರೆಂಟನ್ನು ಇನ್ನೊಂದರ ಜೊತೆ ಹೋಲಿಸಿ ದೀಪ ಹತ್ತಿಸುತ್ತಿತ್ತು. ಆರೂ ಆಕ್ಸಲ್ ಒಟ್ಟಿಗೆ ಜಾರಿದರೆ ಹೋಲಿಸಲು ವ್ಯತ್ಯಾಸವೇ ಇಲ್ಲ, ದೀಪವೂ ಇಲ್ಲ. ಎಲ್ಲ ಕಳ್ಳರೂ ಒಂದೇ ಸುಳ್ಳು ಹೇಳಿದ ಹಾಗೆ. ನನಗಾದದ್ದು ಅದೇ. ಸ್ಪೀಡ್ ಏರುತ್ತಿದೆ, ಗಾಡಿ ಹೊರಟಿತು ಅಂದುಕೊಂಡೆ, ಕತ್ತಲಲ್ಲಿ ಹೊರಗೆ ನೋಡಲಿಲ್ಲ. ಡಬ್ಲ್ಯುಡಿಜಿ-4ರಲ್ಲಿ ನೆಲ ನೋಡಿ ನಿಜವಾದ ವೇಗ ಅಳೆಯುವ ರೇಡಾರ್ ಇದೆ, ಕಂಪ್ಯೂಟರ್ ಇದೆ. ಅದು ಗಾಲಿಯನ್ನು ಬೇಕೆಂದೇ ಒಂಚೂರು ಜಾರಿಸುತ್ತದೆ, ಏಕೆಂದರೆ ಅತಿ ಹೆಚ್ಚು ಹಿಡಿತ ಸಿಗುವುದು ಕೂದಲೆಳೆಯಷ್ಟು ಜಾರಿಕೆಯಲ್ಲೇ. ಹಾಗಾಗಿ ಹೊಸ ಇಂಜಿನ್ನಿನಲ್ಲಿ ದೀಪ ಆಗೀಗ ಮಿಣುಕಿದರೆ ಗಾಬರಿಯಾಗಿ ನಾಚ್ ಕೆಳಗೆ ಎಳೆಯಬೇಡಿ, ಅದು ತನ್ನ ಕೆಲಸ ಮಾಡಿಕೊಳ್ಳಲಿ. ಆದರೂ ಟಾರ್ಚ್ ಹಿಡಿದು ಹೊರಗಿನ ಒಂದು ಕಲ್ಲನ್ನೋ ಕಂಬವನ್ನೋ ಗುರುತಿಟ್ಟುಕೊಳ್ಳುವ ರೂಢಿ ಬಿಡಬೇಡಿ.

ದೀಪ ಆರದೆ ನಿಂತರೆ, ಇಂಜಿನ್ನಿನ ಸದ್ದು ಒಮ್ಮೆಲೇ ಹಗುರಾಗಿ ಏರಿದರೆ, ಮೊದಲು ನಾಚ್ ಇಳಿಸಿ. ಗಾಲಿ ಹಿಡಿತಕ್ಕೆ ಬರಲಿ. ಆಮೇಲೆ ಉಸುಕು, ಆಮೇಲೆ ಮತ್ತೆ ನಾಚ್. ಈ ಕ್ರಮ ತಲೆಕೆಳಗಾಗಬಾರದು. ಗಿರ್ರನೆ ತಿರುಗುತ್ತಿರುವ ಗಾಲಿಯ ಕೆಳಗೆ ಉಸುಕು ಬಿಟ್ಟರೆ ಅದು ಥಟ್ಟನೆ ಕಚ್ಚುತ್ತದೆ. ಆ ಪೆಟ್ಟು ಗೇರಿಗೆ, ಆಕ್ಸಲ್‌ಗೆ, ಹಳಿಗೆ ಮೂರಕ್ಕೂ ಬೀಳುತ್ತದೆ. ಪಾಯಿಂಟ್ ಮೇಲೆ ಉಸುಕು ಬಿಡಬೇಡಿ, ನಾಲಿಗೆ ಕೂರುವ ಜಾಗದಲ್ಲಿ ಸೇರಿಕೊಂಡು ಸಿಗ್ನಲ್‌ನವರಿಗೆ ತಲೆನೋವಾಗುತ್ತದೆ.

ಎರಡನೇ ಸಲವೂ ಗಾಡಿ ಅಲುಗದಿದ್ದರೆ ಥ್ರಾಟಲ್ ಸೊನ್ನೆಗೆ ತಂದು ಬ್ರೇಕ್ ಹಾಕಿ. ಅಸಿಸ್ಟೆಂಟ್ ಕೆಳಗಿಳಿದು ಮುಂದಿನ ಗಾಲಿಗಳ ಎದುರಿನ ಹಳಿಯನ್ನು ಕಾಟನ್ ವೇಸ್ಟಿನಿಂದ ಒರೆಸಲಿ, ಒಣ ಉಸುಕನ್ನು ಕೈಯಾರೆ ತೆಳುವಾಗಿ ಹರಡಲಿ. ಮತ್ತೊಮ್ಮೆ ನೋಡಿ. ಆಗಲೂ ಬಾರದಿದ್ದರೆ ಗಾಡಿಯನ್ನು ಭದ್ರಪಡಿಸಿ, ಸ್ಟೇಷನ್ನಿಗೆ ಹೇಳಿ, ಇನ್ನೊಂದು ಇಂಜಿನ್ ಕೇಳಿ. ಸ್ಟಾಲ್ ಆಯಿತೆಂದರೆ, ಅಂದರೆ ಏರಿನಲ್ಲಿ ಗಾಡಿ ಹತ್ತಲಾರದೆ ನಿಂತುಬಿಟ್ಟರೆ, ಮೇಲಿನವರು ವಿವರಣೆ ಕೇಳುತ್ತಾರೆ, ಸೆಕ್ಷನ್ ಎರಡು ಗಂಟೆ ಕಟ್ಟುತ್ತದೆ, ರನ್ನಿಂಗ್ ರೂಮಿನಲ್ಲಿ ನಗುತ್ತಾರೆ. ಈ ಮುಜುಗರಕ್ಕೆ ಅಂಜಿಯೇ ನಾವೆಲ್ಲ ಆ ಕೊನೆಯ ಇಪ್ಪತ್ತು ಸೆಕೆಂಡ್ ನಾಚ್ ಹಿಡಿದು ಕೂರುವುದು.

ಇಳಿಯುವಾಗಿನ ತೊಂದರೆ ಬೇರೆ ಜಾತಿಯದು. ಬ್ರೇಕ್ ಕಚ್ಚಿ ಗಾಲಿ ತಿರುಗದೆ ಎಳೆದುಕೊಂಡು ಹೋದರೆ ಸವೆಯುವುದು ಗಾಲಿ, ಬೀಳುವುದು ಚಪ್ಪಟೆ. ಬ್ರಾಡ್‌ಗೇಜ್‌ನಲ್ಲಿ ಇಂಜಿನ್ನಿಗೂ ಪ್ರಯಾಣಿಕರ ಬೋಗಿಗೂ ಚಪ್ಪಟೆಯ ಮಿತಿ 50 ಮಿಲಿಮೀಟರ್, ಗೂಡ್ಸ್ ವ್ಯಾಗನ್ನಿಗೆ 60. ಆ ಚಪ್ಪಟೆ ಪ್ರತಿ ಸುತ್ತಿಗೂ ಹಳಿಗೆ ಸುತ್ತಿಗೆಯೇಟು ಹಾಕುತ್ತ ಊರೂರು ಸುತ್ತುತ್ತದೆ. ಸುಟ್ಟ ಕಲೆ ಮಾತ್ರ ಒಂದೇ ಕಡೆ ಕೂತು, ಬಂದ ಪ್ರತಿ ಗಾಲಿಯಿಂದಲೂ ಏಟು ತಿನ್ನುತ್ತದೆ.

ಕಲೆ ಹುಡುಕುವುದು: ಕೀಮನ್ ಕಾಕಾ ಕಲಿಸಿದ್ದು

ಬೆಳಿಗ್ಗೆ ಅಥವಾ ಸಂಜೆ, ಬಿಸಿಲು ಓರೆಯಾಗಿ ಬೀಳುವಾಗ ಸೂರ್ಯನಿಗೆ ಎದುರಾಗಿ ನಡೆಯಿರಿ. ನಡುಮಧ್ಯಾಹ್ನ ಎಲ್ಲ ಹಳಿಯೂ ಹೊಳೆಯುತ್ತದೆ, ಏನೂ ಕಾಣದು. ಸಿಗ್ನಲ್ ಹಿಂದೆ, ಸ್ಟೇಷನ್ ತುದಿಯಲ್ಲಿ, ಗಾಡಿ ನಿಂತು ಹೊರಡುವ ಜಾಗಗಳಲ್ಲಿ ನಿಧಾನಿಸಿ. ಕಲೆ ಕಂಡರೆ ಎದುರು ಹಳಿ ನೋಡಿ. ಅಲ್ಲೂ ಇದ್ದರೆ ಇಂಜಿನ್ ಜಾರಿದ್ದು ಖಚಿತ, ಒಂದೇ ಹಳಿಯಲ್ಲಿದ್ದರೆ ಬೇರೆ ದೋಷ ಹುಡುಕಬೇಕು. ಕಲೆಯ ಮೇಲೆ ಉಗುರು ಎಳೆಯಿರಿ. ಬತ್ತಿದ ಕೆರೆಯಂಗಳದ ಹಾಗೆ ಸೀಳು ಸೀಳಾಗಿದ್ದರೆ ಬಿಳಿ ಪದರ ಒಡೆಯತೊಡಗಿದೆ. ಒಂದು ಮೀಟರಿನ ನೇರಪಟ್ಟಿ ಹಳಿಯ ಮೇಲಿಟ್ಟು ಅಡಿಯಲ್ಲಿ ಬೆಳಕು ಎಷ್ಟು ನುಸುಳುತ್ತದೆ ನೋಡಿ, ತಗ್ಗಿನ ಆಳ ಗೊತ್ತಾಗುತ್ತದೆ.

ಆಮೇಲೆ ತಲೆ ತಗ್ಗಿಸಿ ಸ್ಲೀಪರ್ ನೋಡಿ. ತಗ್ಗಿನ ಮೇಲೆ ಹಾರಿದ ಪ್ರತಿ ಗಾಲಿಯೂ ಕೆಳಗೆ ಕುಟ್ಟುತ್ತದೆ. ಖಡಿ ಸವೆದು ಬಿಳಿ ಹಿಟ್ಟಾಗಿರುತ್ತದೆ, ಹಳಿಯನ್ನು ಸ್ಲೀಪರಿಗೆ ಬಿಗಿಯುವ ಪ್ಯಾಂಡ್ರೋಲ್ ಕ್ಲಿಪ್ ಸಡಿಲಾಗಿ ಹೊರಗೆ ಬಂದಿರುತ್ತದೆ, ರಬ್ಬರ್ ಪ್ಯಾಡ್ ಜರುಗಿರುತ್ತದೆ. ಹಳಿಯ ಕಲೆ ಕಾಣದಿದ್ದರೂ ಈ ಹಿಟ್ಟು ಕಂಡು ಕಾಕಾ ಕಲೆ ಹುಡುಕುತ್ತಿದ್ದರು.

ಅಲ್ಟ್ರಾಸಾನಿಕ್ ಯಂತ್ರದವರು ಬಂದಾಗ ಸುಟ್ಟ ಜಾಗಗಳನ್ನು ನೀವೇ ಕರೆದುಕೊಂಡು ಹೋಗಿ ತೋರಿಸಿ. ಶಬ್ದದ ಅಲೆ ಹಳಿಯ ತಲೆಯಿಂದ ಒಳಗಿಳಿಯಬೇಕು. ಮೇಲ್ಮೈ ಒಡೆದು ಚಕ್ಕೆಯೆದ್ದಿದ್ದರೆ ಅಲೆ ಅಲ್ಲೇ ಚದುರುತ್ತದೆ, ಅಡಿಯ ಬಿರುಕು ಮರೆಯಾಗಿ ಕೂರುತ್ತದೆ. ಯಂತ್ರ ಸುಮ್ಮನಿದ್ದರೆ ಹಳಿ ಚೆನ್ನಾಗಿದೆ ಎಂದು ಅಲ್ಲಿ ಮಾತ್ರ ತಿಳಿಯಬಾರದು. ಕೆಟ್ಟ ದೋಷ ಸಿಕ್ಕರೆ ಐಎಂಆರ್ (ಕೂಡಲೇ ತೆಗೆಯಬೇಕಾದದ್ದು) ಅಂತ ಬರೆದು ಕೆಂಪು ಬಣ್ಣದಲ್ಲಿ ಮೂರು ಗುಣಾಕಾರದ ಗುರುತು ಹಾಕುತ್ತಾರೆ. ವೇಗಕ್ಕೆ ಕಡಿವಾಣ ಬಿತ್ತು, ಮೂರು ದಿನದೊಳಗೆ ಆ ತುಂಡು ಹೊರಗೆ ಬರಬೇಕು. ಅಲ್ಲಿಯವರೆಗೆ ದೋಷದ ಜಾಗಕ್ಕೆ ಎರಡೂ ಬದಿ ಜಾಗಲ್ ಫಿಶ್‌ಪ್ಲೇಟ್ ಎಂಬ ಆಧಾರದ ಪಟ್ಟಿ, ಕ್ಲ್ಯಾಂಪ್.

ತೆಳು ಕಲೆಯಾದರೆ ಗ್ರೈಂಡರಿನಿಂದ ಬಿಳಿ ಪದರ ಪೂರ್ತಿ ಹೋಗುವ ತನಕ ಉಜ್ಜುತ್ತಾರೆ. ಎಷ್ಟೋ ಕಲೆ ಗಾಡಿ ಓಡಾಡಿ ತಾವೇ ಸವೆದು ಹೋಗುವುದೂ ಉಂಟು. ಆಳವಿದ್ದರೆ ವೆಲ್ಡಿಂಗ್ ಮೆತ್ತಿ ತುಂಬಬಹುದು, ಆದರೆ ಸುತ್ತಲಿನ ಹಳಿಯನ್ನು ಮೊದಲು ಹದವಾಗಿ ಕಾಯಿಸಿಕೊಳ್ಳಬೇಕು. ತಣ್ಣನೆಯ ಹಳಿಗೆ ಹಾಗೇ ವೆಲ್ಡಿಂಗ್ ತಾಗಿಸಿದರೆ ಗಾಲಿ ಮಾಡಿದ ಅದೇ ಬಿಳಿ ಪದರವನ್ನು ನಾವೇ ಕೈಯಾರೆ ಮಾಡಿದ ಹಾಗೆ. ಮಳೆಗಾಲದ ಘಾಟಿನಲ್ಲಿ ನನ್ನ ಮಟ್ಟಿಗೆ ಕತ್ತರಿಸಿ ಹೊಸ ತುಂಡು ಕೂರಿಸುವುದೇ ವಾಸಿ. ಆದರೆ ಸೋನಾಲಿಂ, ದೂಧಸಾಗರ, ಕರಂಜೋಲ್ ಕಡೆ ಲಾರಿ ಹೋಗುವ ರಸ್ತೆಯಿಲ್ಲ. ಹಳಿಯ ತುಂಡು, ಥರ್ಮಿಟ್ ವೆಲ್ಡಿಂಗಿನ ಮೂಸೆ, ಹತ್ತು ಜನರ ಗ್ಯಾಂಗ್, ಅವರ ಬುತ್ತಿ ಎಲ್ಲವೂ ಹಳಿಯ ಮೇಲೇ ಬರಬೇಕು, ಎರಡು ಗಾಡಿಗಳ ನಡುವೆ ದಾರಿ ಮುಚ್ಚಿ ಕೊಡುವ ಬ್ಲಾಕ್‌ನ ಅವಧಿಯಲ್ಲಿ ಕೆಲಸ ಮುಗಿಯಬೇಕು.

ವರದಿ

ಜಾರಿದ ಕೂಡಲೇ ಅಸಿಸ್ಟೆಂಟ್ ಮೂರು ವಿಷಯ ಚೀಟಿಯಲ್ಲಿ ಬರೆದುಕೊಳ್ಳಲಿ: ಇಂಜಿನ್ ನಿಂತಿದ್ದ ಕಿಲೋಮೀಟರ್ ಕಲ್ಲು ಮತ್ತು ಕಂಬದ ನಂಬರ್, ಗಾಡಿ ನಿಂತಿತ್ತೋ ಚಲಿಸುತ್ತಿತ್ತೋ, ಎಷ್ಟು ಸೆಕೆಂಡ್. ಮುಂದಿನ ಸ್ಟೇಷನ್ ಮಾಸ್ತರರಿಗೆ ಅದನ್ನು ಹೇಳಿ, ಇಂಜಿನ್ನಿನ ಲಾಗ್‌ಬುಕ್ಕಿನಲ್ಲಿ ಬರೆಯಿರಿ, ಉಸುಕಿನ ಸ್ಥಿತಿಯನ್ನೂ ಸೇರಿಸಿ.

ನಾನು ಆ ರಾತ್ರಿ ಲಾಗ್‌ಬುಕ್ಕಿನಲ್ಲಿ "ಮಳೆಯಿಂದ ತಡ" ಅಂತ ಬರೆದು ಮಲಗಿದ್ದೆ. ಕಾಕಾ ಅದನ್ನು ಕೇಳಿ ಏನೂ ಅನ್ನಲಿಲ್ಲ. ಜೇಬಿನಿಂದ ಸೀಮೆಸುಣ್ಣ ತೆಗೆದು ಹನ್ನೆರಡು ಕಲೆಗೂ ಒಂದೊಂದು ಗೆರೆ ಎಳೆದರು. ಮಳೆಗೆ ಅದು ತೊಳೆದುಹೋಗುವುದನ್ನು ನೋಡಿ, ನನ್ನನ್ನು ಅಲ್ಲೇ ನಿಲ್ಲಿಸಿ, ಕೆಂಪು ಬಣ್ಣ ತರಲು ಗ್ಯಾಂಗ್ ಹಟ್ಟಿನ ಕಡೆ ನಡೆದರು. ಅವರು ಬರುವಷ್ಟರಲ್ಲಿ ಒಂದು ಗೂಡ್ಸ್ ಇಳಿದು ಬಂತು. ಪಕ್ಕಕ್ಕೆ ಸರಿದು ನಿಂತೆ. ಪ್ರತಿ ಗಾಲಿಯೂ ಆ ಆರು ತಗ್ಗು ದಾಟುವಾಗ ಟಕ್ ಟಕ್ ಅಂದದ್ದನ್ನು ಕೊನೆಯ ವ್ಯಾಗನ್ ತನಕ ಎಣಿಸಲು ನೋಡಿದೆ, ನಡುವೆ ಲೆಕ್ಕ ತಪ್ಪಿತು.